ಇಪ್ಪತ್ತೆಂಟೂವರೆ ಚಕ್ರ: ಕಂಬಂ ಕಣಿವೆಯ ಗಡಿಯಲ್ಲಿ ನಾಣ್ಯ ವಿನಿಮಯ ಮತ್ತು ವಟ್ಟದ ಹೊರೆ

ತಮಿಳುನಾಡಿನ ತೇನಿ ಮತ್ತು ದಿಂಡಿಗಲ್ ಜಿಲ್ಲೆಗಳ ಕನ್ನಡ ಮಾತಿನ ಸಮುದಾಯಗಳನ್ನು ಕುರಿತ ಬರಹಗಳು ಸಾಮಾನ್ಯವಾಗಿ ವಲಸೆಯ ಪ್ರಶ್ನೆಯಿಂದ ಆರಂಭವಾಗುತ್ತವೆ. ಇವರು ಎಲ್ಲಿಂದ ಬಂದರು, ಯಾವ ಕಾಲದಲ್ಲಿ ಬಂದರು, ಯಾವ ದೈವವನ್ನು ಹೊತ್ತು ತಂದರು ಎಂಬುದೇ ಅಲ್ಲಿನ ಮುಖ್ಯ ವಿಚಾರ. ಈ ಪ್ರಶ್ನೆಗಳು ಅಗತ್ಯವಾದವು. ಆದರೆ ಬಂದು ನೆಲೆಸಿದ ಮೇಲೆ ತಲೆಮಾರುಗಳ ಕಾಲ ಈ ಜನರು ದಾಟುತ್ತಲೇ ಇದ್ದ ಇನ್ನೊಂದು ಗಡಿಯತ್ತ ಅವು ನಮ್ಮ ಗಮನವನ್ನು ಒಯ್ಯುವುದಿಲ್ಲ. ಕಂಬಂ ಕಣಿವೆಯ ಪಶ್ಚಿಮಕ್ಕೆ ಗೋಡೆಯಂತೆ ನಿಂತಿರುವ ಏಲಕ್ಕಿ ಬೆಟ್ಟಗಳ ಆಚೆ ತಿರುವಾಂಕೂರು ಸಂಸ್ಥಾನವಿತ್ತು. ಆ ಸಂಸ್ಥಾನಕ್ಕೆ 1949ರವರೆಗೆ ತನ್ನದೇ ಆದ ನಾಣ್ಯಪದ್ಧತಿಯಿತ್ತು. ಘಟ್ಟ ಹತ್ತಿದವರ ಸೊಂಟದ ಚೀಲದಲ್ಲಿದ್ದ ಕಾಸು ಘಟ್ಟದ ಮೇಲೆ ಬೇರೊಂದು ಲೆಕ್ಕಕ್ಕೆ ಒಳಗಾಗುತ್ತಿತ್ತು.

ಈ ಲೇಖನದ ವಿಷಯ ಆ ಲೆಕ್ಕ. ಗಡಿಯಲ್ಲಿ ವಿನಿಮಯ ದರ ಸರ್ಕಾರದ ಕಾಗದದ ಮೇಲೆ ಒಂದೇ ಆಗಿತ್ತು. ಆದರೆ ಒಳ್ಳೆಯ ದರ ಎಲ್ಲರಿಗೂ ಒಂದೇ ರೀತಿಯಲ್ಲಿ ಎಟುಕುವಂತಿರಲಿಲ್ಲ. ಸಂಸ್ಥಾನಗಳು ನಾಣ್ಯವನ್ನು ಕೈಗೆ ಮುಟ್ಟಿಸದೆಯೇ ಲೆಕ್ಕ ತೀರಿಸಿಕೊಳ್ಳಬಲ್ಲವಾಗಿದ್ದವು, ವರ್ತಕನು ಎರಡೂ ಕಡೆಯ ಬಾಕಿಗಳನ್ನು ಒಂದಕ್ಕೊಂದು ಹೊಂದಿಸಬಲ್ಲವನಾಗಿದ್ದನು. ಚಿಲ್ಲರೆಯಲ್ಲಿ ಕೂಲಿ ಪಡೆದವರು ಮಾತ್ರ ನಾಣ್ಯವನ್ನು ನಾಣ್ಯಕ್ಕೇ ಬದಲಾಯಿಸಬೇಕಿತ್ತು. ವಟ್ಟದ ಹೊರೆ ಹೆಚ್ಚಾಗಿ ಬಿದ್ದುದು ಇವರ ಮೇಲೆ ಎಂಬುದನ್ನು ಆ ಕಾಲದ ಅಧಿಕೃತ ದರದ ಗಣಿತವೇ ತೋರಿಸುತ್ತದೆ.

ಕಣಿವೆ ಮತ್ತು ಅದರ ಜನ

ಕಂಬಂ ಕಣಿವೆಯ ಒಂದು ಬದಿಗೆ ಏಲಕ್ಕಿ ಬೆಟ್ಟಗಳು, ಇನ್ನೊಂದು ಬದಿಗೆ ವರುಷನಾಡು ಮತ್ತು ಮೇಘಮಲೆಯ ಬೆಟ್ಟಗಳು. ಗೂಡಲೂರಿನಿಂದ ಕುಮಳಿಗೆ, ಕಂಬಂನಿಂದ ಕಂಬಂಮೆಟ್ಟಿಗೆ, ಬೋಡಿನಾಯಕನೂರಿನಿಂದ ಬೋಡಿಮೆಟ್ಟಿಗೆ ಘಟ್ಟದ ದಾರಿಗಳಿವೆ. ಇಡೀ ಪ್ರದೇಶವು ಬಹುಕಾಲ ಮದುರೆ ಜಿಲ್ಲೆಯಲ್ಲಿತ್ತು. 1985ರಲ್ಲಿ ದಿಂಡಿಗಲ್, 1996ರಲ್ಲಿ ತೇನಿ ಪ್ರತ್ಯೇಕ ಜಿಲ್ಲೆಗಳಾದವು.

ಎಡ್ಗರ್ ಥರ್ಸ್ಟನ್ 1909ರಲ್ಲಿ ಪ್ರಕಟಿಸಿದ ದಕ್ಷಿಣ ಭಾರತದ ಜಾತಿ-ಬುಡಕಟ್ಟುಗಳ ಗ್ರಂಥದಲ್ಲಿ ಕಪ್ಪಿಲಿಯರನ್ನೂ ಅನುಪ್ಪರನ್ನೂ ಮದುರೆ ಸೀಮೆಯ ಕನ್ನಡ ಸಮುದಾಯಗಳೆಂದು ಗುರುತಿಸಲಾಗಿದೆ. ತಮ್ಮನ್ನು ಒಕ್ಕಲಿಗರೆಂದು ಕರೆದುಕೊಳ್ಳುವ ಕಪ್ಪಿಲಿಯರು ಕಣಿವೆಯ ಬೇಸಾಯಗಾರರು. ದಿಂಡಿಗಲ್ ಸಮೀಪದ ಚಿನ್ನಾಳಪಟ್ಟಿಯ ನೇಕಾರರಲ್ಲಿ ಕನ್ನಡ ಮಾತಾಡುವ ದೇವಾಂಗ ಮನೆತನಗಳಿವೆ. ಮನೆಯಲ್ಲಿ ಕನ್ನಡ, ಶಾಲೆಯಲ್ಲೂ ಸಂತೆಯಲ್ಲೂ ತಮಿಳು, ಘಟ್ಟದ ಮೇಲೆ ಮಲಯಾಳದ ಸಂಪರ್ಕ: ಇದು ಇಲ್ಲಿನ ಭಾಷಿಕ ಬದುಕಿನ ಸಾಮಾನ್ಯ ಚಿತ್ರ. ಲೆಕ್ಕದ ಕಡತ ಬರೆಯುವ ಲಿಪಿ ತಮಿಳು. ಆದ್ದರಿಂದ ಇವರ ಆರ್ಥಿಕ ಚರಿತ್ರೆಯನ್ನು ಕನ್ನಡ ಬರಹದಲ್ಲಿ ಹುಡುಕಿದರೆ ಅದು ಸಿಗುವುದಿಲ್ಲ. ಅವರು ಬಳಸಿದ ನಾಣ್ಯಗಳಲ್ಲಿ, ಆ ನಾಣ್ಯಗಳಿಗೆ ಇಟ್ಟ ಹೆಸರುಗಳಲ್ಲಿ ಅದನ್ನು ಹುಡುಕಬೇಕಾಗುತ್ತದೆ.

ವರಹದ ಲೆಕ್ಕ, ವರಹದ ನಾಣ್ಯ

ದಿಂಡಿಗಲ್ ಸೀಮೆಗೆ ಒಂದಕ್ಕಿಂತ ಹೆಚ್ಚು ನಾಣ್ಯಗಳ ಪರಿಚಯ ಬ್ರಿಟಿಷರಿಂದ ಆದುದಲ್ಲ. 1755ರಲ್ಲಿ ಹೈದರಾಲಿ ದಿಂಡಿಗಲ್‌ನ ಫೌಜುದಾರನಾಗಿ ಬಂದನು. ಮೂರನೆಯ ಮೈಸೂರು ಯುದ್ಧದ ಕೊನೆಗೆ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ, ಟಿಪ್ಪು ಸುಲ್ತಾನನು ಈ ಸೀಮೆಯನ್ನು ಕಂಪನಿಗೆ ಬಿಟ್ಟುಕೊಟ್ಟನು. ಈ ನಡುವಿನ ಕಾಲದಲ್ಲಿ ಇಲ್ಲಿನ ಕಂದಾಯವು ಬಹುಮಟ್ಟಿಗೆ ಮೈಸೂರಿನ ಲೆಕ್ಕಕ್ಕೆ ಸೇರಿತ್ತು.

ಮೈಸೂರಿನ ಲೆಕ್ಕದ ಮಾನ ಕಂಠೀರಾಯಿ ವರಹ. 1638ರಿಂದ 1659ರವರೆಗೆ ಆಳಿದ ಕಂಠೀರವ ನರಸರಾಜ ಒಡೆಯರು ಟಂಕಿಸಿದ ಪುಟ್ಟ ಚಿನ್ನದ ಹಣಗಳು ಹತ್ತು ಸೇರಿದರೆ ಒಂದು ಕಂಠೀರಾಯಿ ವರಹ. ಈ ವರಹವು ಲೆಕ್ಕದಲ್ಲಿ ಮಾತ್ರ ಇದ್ದ ಮಾನ. ಕೈಯಲ್ಲಿ ಚಲಾವಣೆಯಲ್ಲಿದ್ದುದು ಹಣ. 1792ರಲ್ಲಿ ಮಿತ್ರಪಕ್ಷಗಳಿಗೆ ಬಿಟ್ಟುಕೊಟ್ಟ ಸೀಮೆಗಳ ಹುಟ್ಟುವಳಿಯನ್ನು ಲೆಕ್ಕ ಹಾಕಿದ್ದೂ ಈ ಕಂಠೀರಾಯಿ ವರಹದಲ್ಲಿಯೇ. ಅದೇ ಸಂದರ್ಭದಲ್ಲಿ ಟಿಪ್ಪು ಕೊಡಬೇಕಾಗಿ ಬಂದ 3 ಕೋಟಿ 30 ಲಕ್ಷ ರೂಪಾಯಿಗಳ ವಿಚಾರದಲ್ಲಿ ಮಾತ್ರ ಷರತ್ತು ಬೇರೆಯಾಗಿತ್ತು. ಕೂಡಲೇ ಸಲ್ಲಬೇಕಾದ ಅರ್ಧ ಭಾಗವನ್ನು ಪೂರ್ಣ ತೂಕ ಮತ್ತು ಶುದ್ಧಿಯ ವರಹ, ಮೊಹರು, ರೂಪಾಯಿಗಳಲ್ಲಿ ಅಥವಾ ಚಿನ್ನ ಬೆಳ್ಳಿಯ ಗಟ್ಟಿಗಳಲ್ಲಿ ಕೊಡಬೇಕೆಂದು ಬರೆಯಲಾಯಿತು. ಭೂಮಿಯ ಬೆಲೆಯನ್ನು ಲೆಕ್ಕದ ವರಹದಲ್ಲಿ ಕಟ್ಟಿದವರು ಹಣ ಪಡೆಯುವಾಗ ತೂಕ ಮತ್ತು ಶುದ್ಧಿಯನ್ನು ಕೇಳಿದರು. ಹೆಸರಿನ ಬೆಲೆ ಬೇರೆ, ಕೈಗೆ ಬರುವ ಲೋಹದ ಬೆಲೆ ಬೇರೆ ಎಂಬುದು ಅವರಿಗೆ ಚೆನ್ನಾಗಿ ತಿಳಿದಿತ್ತು.

ಕಂಪನಿಯ ಆಡಳಿತ ಬಂದ ಮೇಲೆಯೂ ಗೊಂದಲ ಒಮ್ಮೆಲೇ ನಿಲ್ಲಲಿಲ್ಲ. ಮದರಾಸಿನ ನಕ್ಷತ್ರ ವರಹ, ಪರಂಗಿಪೇಟೆಯ ವರಹ, ಆರ್ಕಾಟು ರೂಪಾಯಿ, ಬಗೆಬಗೆಯ ಹಣ ಮತ್ತು ಕಾಸುಗಳು ಜೊತೆಜೊತೆಯಾಗಿ ನಡೆದವು. 1800ರಲ್ಲಿ ವೆಲ್ಲೆಸ್ಲಿಯ ಅಪ್ಪಣೆಯಂತೆ ಮದರಾಸಿನಿಂದ ಹೊರಟು ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಹೋದ ಪೇಟೆಗಳಲ್ಲಿ ಬೆಳೆ ಮತ್ತು ಮಣ್ಣಿನ ಜೊತೆಗೆ ನಾಣ್ಯಗಳನ್ನೂ ಅವುಗಳ ಪರಸ್ಪರ ಬೆಲೆಯನ್ನೂ ಬರೆದುಕೊಂಡನು. 1818ರಲ್ಲಿ ಮದರಾಸು ಪ್ರಾಂತ್ಯವು ಬೆಳ್ಳಿಯ ರೂಪಾಯಿಯನ್ನು ಮುಖ್ಯ ನಾಣ್ಯವಾಗಿ ಸ್ವೀಕರಿಸಿ, ಒಂದು ವರಹಕ್ಕೆ ಮೂರೂವರೆ ರೂಪಾಯಿ ಎಂದು ಗೊತ್ತುಮಾಡಿತು. 1835ರಲ್ಲಿ 180 ಗ್ರೇನ್ ತೂಕದ ಕಂಪನಿ ರೂಪಾಯಿ ಬ್ರಿಟಿಷ್ ಭಾರತಕ್ಕೆಲ್ಲ ಸಮಾನವಾಯಿತು. ಕಣಿವೆಯ ಮಟ್ಟಿಗೆ ಇದರ ಪರಿಣಾಮ ಸ್ಪಷ್ಟ. ಬಯಲಿನಲ್ಲಿ ನಾಣ್ಯಗಳ ವೈವಿಧ್ಯ ಕ್ರಮೇಣ ಅಳಿಯಿತು. ಘಟ್ಟದ ಅಂಚಿನಲ್ಲಿ ಅದು ಉಳಿದುಕೊಂಡಿತು.

ಘಟ್ಟದ ಮೇಲಿನ ರೂಪಾಯಿ

ತಿರುವಾಂಕೂರಿನ ಪದ್ಧತಿಯಲ್ಲಿ 16 ಕಾಸಿಗೆ 1 ಚಕ್ರ, 4 ಚಕ್ರಕ್ಕೆ 1 ಪಣ, 7 ಪಣಕ್ಕೆ 1 ಸರ್ಕಾರಿ ರೂಪಾಯಿ. ಎಂದರೆ ಸರ್ಕಾರಿ ರೂಪಾಯಿಗೆ 28 ಚಕ್ರ ಅಥವಾ 448 ಕಾಸು. ಬ್ರಿಟಿಷ್ ರೂಪಾಯಿಗೆ ಕೊಡಬೇಕಾದ ದರ 28 ಚಕ್ರ 8 ಕಾಸು, ಅಂದರೆ ಇಪ್ಪತ್ತೆಂಟೂವರೆ ಚಕ್ರ, 456 ಕಾಸು. ಎರಡು ರೂಪಾಯಿಗಳಿಗೂ ಹೆಸರು ಒಂದೇ. ಅವುಗಳ ನಡುವಿನ ಅಂತರ 8 ಕಾಸು.

ಇಲ್ಲಿಯೂ ಕಂಠೀರಾಯಿ ವರಹದಂಥದೇ ಸ್ಥಿತಿಯನ್ನು ಕಾಣುತ್ತೇವೆ. ಸಂಸ್ಥಾನದ ರೂಪಾಯಿಯು ಮುಖ್ಯವಾಗಿ ಲೆಕ್ಕದ ಮಾನ. ಜನರ ಕೈಯಲ್ಲಿ ಓಡಾಡಿದ ಸಂಸ್ಥಾನದ ನಾಣ್ಯಗಳಲ್ಲಿ ಅರ್ಧ ರೂಪಾಯಿಯೇ ದೊಡ್ಡದು. ಬ್ರಿಟಿಷ್ ರೂಪಾಯಿಯೂ ಸಂಸ್ಥಾನದೊಳಗೆ ಬಳಕೆಯಲ್ಲಿತ್ತು. ಹೀಗಾಗಿ ದೊಡ್ಡ ಮೊತ್ತಕ್ಕೆ ಬ್ರಿಟಿಷ್ ರೂಪಾಯಿ, ಚಿಲ್ಲರೆಗೆ ಚಕ್ರ ಮತ್ತು ಕಾಸು ಎಂಬ ವಿಭಜನೆ ಏರ್ಪಟ್ಟಿತು. ಹಳೆಯ ಬೆಳ್ಳಿಯ ಚಕ್ರ ಬೆರಳ ತುದಿಯ ಮೇಲೆ ನಿಲ್ಲುವಷ್ಟು ಚಿಕ್ಕದು. ಅದನ್ನು ಒಂದೊಂದಾಗಿ ಎಣಿಸುವುದು ಕಷ್ಟವಾದ್ದರಿಂದ ಸಣ್ಣ ಕುಳಿಗಳನ್ನು ಕೊರೆದ ಮರದ ಹಲಗೆಯನ್ನು ಬಳಸುತ್ತಿದ್ದರು. ಹಿಡಿ ನಾಣ್ಯವನ್ನು ಹಲಗೆಯ ಮೇಲೆ ಸುರಿದು ಅಲ್ಲಾಡಿಸಿದರೆ ಕುಳಿಗೊಂದರಂತೆ ಚಕ್ರಗಳು ಕೂರುತ್ತವೆ, ಮಿಕ್ಕವು ಜಾರಿ ಹೋಗುತ್ತವೆ. 20ನೆಯ ಶತಮಾನದ ಆರಂಭದಲ್ಲಿ ಯಂತ್ರದಲ್ಲಿ ಒತ್ತಿದ ತಾಮ್ರದ ಚಕ್ರ ಬಂದಿತು. ಶಂಖದ ಮುದ್ರೆಯನ್ನು ಹೊತ್ತ ಈ ನಾಣ್ಯಗಳ ಬೆಲೆ ಸಂಸ್ಥಾನದ ಮಾತಿನ ಮೇಲೆ ನಿಂತಿತ್ತು. ಆ ಮಾತು ನಡೆಯದ ಕಡೆ ಅದು ತಾಮ್ರದ ತುಂಡು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬ್ರಿಟಿಷ್ ಸರ್ಕಾರ, ತಿರುವಾಂಕೂರು ಮತ್ತು ಕೊಚ್ಚಿಗಳ ನಡುವೆ 1865ರಲ್ಲಿ ಆದ ವ್ಯಾಪಾರ ಒಡಂಬಡಿಕೆಯಿಂದ ಗಡಿಯ ಬಹುತೇಕ ಸುಂಕಗಳು ರದ್ದಾದವು. ಉಪ್ಪು, ಹೊಗೆಸೊಪ್ಪುಗಳಂಥ ಕೆಲವು ಸರಕುಗಳ ಮೇಲೆ ನಿಯಂತ್ರಣ ಉಳಿಯಿತು. ಸರಕಿಗೆ ಗಡಿ ಸಡಿಲವಾಯಿತು, ನಾಣ್ಯಕ್ಕೆ ಆಗಲಿಲ್ಲ. ಸುಂಕದ ಗಡಿ ಹೋದ ಮೇಲೂ 84 ವರ್ಷಗಳ ಕಾಲ ನಾಣ್ಯದ ಗಡಿ ನಿಂತಿತ್ತು. ಏಲಕ್ಕಿ, ಚಹ ತೋಟಗಳು ಬೆಳೆದುದೂ, ಕಣಿವೆಯ ಜನ ಕೂಲಿಗಾಗಿ ದೊಡ್ಡ ಪ್ರಮಾಣದಲ್ಲಿ ಘಟ್ಟ ಹತ್ತಿದುದೂ ಈ 84 ವರ್ಷಗಳಲ್ಲಿಯೇ.

ಯಾರಿಗೆ ಯಾವ ದರ

ದರವು ಯಾರಿಗೆ ಹೇಗೆ ಒದಗುತ್ತಿತ್ತು ಎಂಬುದನ್ನು ಮೇಲಿನಿಂದ ಕೆಳಕ್ಕೆ ನೋಡಬಹುದು. ಮೊದಲು ಸರ್ಕಾರಗಳು. 1886ರ ಅಕ್ಟೋಬರ್ 29ರಂದು ತಿರುವಾಂಕೂರಿಗೂ ಬ್ರಿಟಿಷ್ ಸರ್ಕಾರಕ್ಕೂ ಪೆರಿಯಾರ್ ಗುತ್ತಿಗೆಯ ಕರಾರು ಆಯಿತು. 999 ವರ್ಷಗಳ ಅವಧಿ, ಸುಮಾರು 8,000 ಎಕರೆ, ಎಕರೆಗೆ 5 ರೂಪಾಯಿಯಂತೆ ವರ್ಷಕ್ಕೆ 40,000 ರೂಪಾಯಿ. 1895ರಲ್ಲಿ ಅಣೆಕಟ್ಟು ಮುಗಿದು ನೀರು ಕಂಬಂ ಕಣಿವೆಗೆ ಇಳಿಯಿತು. ಈ 40,000ವನ್ನು ಪ್ರತಿವರ್ಷ ಎಣಿಸಿ ಘಟ್ಟ ಹತ್ತಿಸಬೇಕಾಗಿರಲಿಲ್ಲ. ತಿರುವಾಂಕೂರು 1805ರ ಒಪ್ಪಂದದಂತೆ ಬ್ರಿಟಿಷರಿಗೆ ವರ್ಷಕ್ಕೆ 8 ಲಕ್ಷ ರೂಪಾಯಿ ಕಪ್ಪ ಕೊಡಬೇಕಿತ್ತು. ಗುತ್ತಿಗೆಯ ಬಾಡಿಗೆಯನ್ನು ಅದರಲ್ಲಿ ವಜಾ ಹಾಕಿಕೊಳ್ಳುವ ಏರ್ಪಾಡಾಯಿತು. ನಾಣ್ಯ ಗಡಿ ದಾಟಲಿಲ್ಲ, ವಟ್ಟದ ಮಾತೂ ಬರಲಿಲ್ಲ. ಬದಲಾಯಿಸದೆಯೇ ತೀರಿಸುವುದಕ್ಕಿಂತ ಒಳ್ಳೆಯ ವಿನಿಮಯ ದರ ಇನ್ನೊಂದಿಲ್ಲ.

ಎರಡನೆಯವರು ವರ್ತಕರು. ಏಲಕ್ಕಿಯು ಬಹುಕಾಲ ತಿರುವಾಂಕೂರಿನ ಏಕಸ್ವಾಮ್ಯದ ಸರಕು; 1896ರಲ್ಲಿ ಆ ಪದ್ಧತಿ ರದ್ದಾಗಿ ನೆಲದ ಮೇಲೆ ಕಂದಾಯ ಬಂದಿತು. ಬೋಡಿನಾಯಕನೂರು ಏಲಕ್ಕಿಯ ದೊಡ್ಡ ಪೇಟೆಯಾಗಿ ಬೆಳೆಯಿತು. ಮುನ್ನಾರಿನ ಚಹ ಟಾಪ್ ಸ್ಟೇಷನ್ನಿನಿಂದ ಹಗ್ಗದ ದಾರಿಯಲ್ಲಿ ಕೊಟ್ಟಗುಡಿಗೆ ಇಳಿದು, ಅಲ್ಲಿಂದ ಎತ್ತಿನ ಗಾಡಿಯಲ್ಲಿ ಬೋಡಿಗೆ ಬರುತ್ತಿತ್ತು. 1928ರಲ್ಲಿ ಮದುರೆಯಿಂದ ಬೋಡಿಗೆ ರೈಲು ಬಂದಿತು. ಬೆಟ್ಟದಿಂದ ಏಲಕ್ಕಿ, ಮೆಣಸು, ಚಹ ಇಳಿದರೆ ಕಣಿವೆಯಿಂದ ಅಕ್ಕಿ, ಬೇಳೆ, ತರಕಾರಿ, ಬಟ್ಟೆ ಏರುತ್ತಿದ್ದವು. ಎರಡೂ ದಿಕ್ಕಿನ ವ್ಯವಹಾರವಿದ್ದ ವರ್ತಕನು ಮೇಲೆ ಬರಬೇಕಾದ ಚಕ್ರವನ್ನು ಮೇಲೆಯೇ ಕೊಡಬೇಕಾದ ಬಾಕಿಗೆ ಸಲ್ಲಿಸಬಹುದು. ಮಿಕ್ಕ ಮೊತ್ತಕ್ಕೆ ಮಾತ್ರ ವಿನಿಮಯ ಬೇಕು. ಆ ಮೊತ್ತ ದೊಡ್ಡದಾದ್ದರಿಂದ ಅರ್ಧ ಚಕ್ರಕ್ಕೂ ಚೌಕಾಸಿ ಮಾಡುವುದು ಅವನಿಗೆ ಲಾಭದಾಯಕ. 100 ಬ್ರಿಟಿಷ್ ರೂಪಾಯಿಗೆ 28 ಚಕ್ರದ ಲೆಕ್ಕ ಒಪ್ಪಿದರೆ 2,800, ಇಪ್ಪತ್ತೆಂಟೂವರೆಯ ಲೆಕ್ಕ ಪಡೆದರೆ 2,850 ಚಕ್ರ. ಆ 50 ಚಕ್ರಕ್ಕಾಗಿ ಇನ್ನೊಂದು ಅಂಗಡಿಯ ಮೆಟ್ಟಿಲು ಹತ್ತಬಹುದು.

ಮೂರನೆಯವರು ಕೂಲಿಯವರು. ಇವರ ಪಾಲಿಗೆ ಪ್ರಶ್ನೆ 28ರೋ ಇಪ್ಪತ್ತೆಂಟೂವರೆಯೋ ಎಂಬುದಲ್ಲ. ತೊಡಕು ಇದ್ದುದು ಚಿಲ್ಲರೆಯಲ್ಲಿ. ಬ್ರಿಟಿಷ್ ರೂಪಾಯಿಗೆ 16 ಆಣೆ, ಆಣೆಗೆ 12 ಪೈ, ಒಟ್ಟು 192 ಪೈ. ಇತ್ತ 456 ಕಾಸು. ಒಂದು ಆಣೆಗೆ ಇಪ್ಪತ್ತೆಂಟೂವರೆ ಕಾಸು ಬರುತ್ತದೆ, ಆದರೆ ಅರ್ಧ ಕಾಸಿನ ನಾಣ್ಯವನ್ನು ಅಂಗಡಿಯವನು ಎಲ್ಲಿಂದ ತರಬೇಕು? ಎರಡು ಆಣೆಗೆ 57 ಕಾಸು, ನಾಲ್ಕು ಆಣೆಗೆ 7 ಚಕ್ರ 2 ಕಾಸು, ಎಂಟು ಆಣೆಗೆ 14 ಚಕ್ರ 4 ಕಾಸು: ಈ ಮೊತ್ತಗಳಲ್ಲಿ ಮಾತ್ರ ಲೆಕ್ಕ ಸರಿಯಾಗಿ ಕೂರುತ್ತದೆ. ತಿರುಗಿಸಿ ನೋಡಿದರೆ ಒಂದು ಚಕ್ರದ ಸರಿಯಾದ ಬೆಲೆ ಆರು ಮುಕ್ಕಾಲು ಪೈಗೆ ತುಸು ಕಡಿಮೆ. ಅಂಗಡಿಯವನು ಚಕ್ರಕ್ಕೆ ಅರ್ಧ ಆಣೆ, ಎಂದರೆ 6 ಪೈ, ಎಂದು ಸುಲಭದ ಲೆಕ್ಕ ಹಿಡಿದರೆ ಕೊಡುವವರಿಗೆ ಆಗುವ ನಷ್ಟ ನೂರಕ್ಕೆ ಸುಮಾರು 11.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಏಲಕ್ಕಿ ಕೊಯ್ಲಿನಿಂದ ಇಳಿದ ಒಬ್ಬಳ ಬಳಿ 9 ಚಕ್ರ ಇದೆಯೆಂದು ಇಟ್ಟುಕೊಳ್ಳಿ. ಅಧಿಕೃತ ದರದಲ್ಲಿ ಅದರ ಬೆಲೆ 5 ಆಣೆಗೆ ಅರ್ಧ ಪೈ ಮೇಲೆ. ಒಂಬತ್ತನ್ನೂ ಒಟ್ಟಿಗೆ ಕೊಟ್ಟು 5 ಆಣೆ ಪಡೆದರೆ ನಷ್ಟ ನೂರಕ್ಕೆ ಒಂದರಷ್ಟು. ಅದನ್ನೇ ದಿನಕ್ಕೊಂದರಂತೆ ಉಪ್ಪಿಗೆ, ಎಣ್ಣೆಗೆ, ಅರ್ಧ ಆಣೆಯ ಲೆಕ್ಕದಲ್ಲಿ ಕೊಟ್ಟರೆ ಕೈಗೆ ಸಿಕ್ಕ ಬೆಲೆ ನಾಲ್ಕೂವರೆ ಆಣೆ. ನಾಣ್ಯ ಅವೇ, ಅಂಗಡಿ ಅದೇ, ಸರ್ಕಾರದ ದರವೂ ಅದೇ. ಅರ್ಧ ಆಣೆ ಮಾತ್ರ ಅಂಗಡಿಯವನ ಪಾಲು. ಕೂಡಿಟ್ಟು ಬದಲಾಯಿಸಬಲ್ಲವರಿಗೆ ಒಳ್ಳೆಯ ದರ, ಅಂದಂದಿನ ಖರ್ಚಿಗೆ ಅಂದಂದೇ ಬದಲಾಯಿಸಬೇಕಾದವರಿಗೆ ಕೆಟ್ಟ ದರ. ಕಾಯುವ ಶಕ್ತಿಯೇ ಇಲ್ಲಿ ಬಂಡವಾಳ.

ಅಂಗಡಿಯವನ ಕಡೆಯ ಮಾತನ್ನೂ ಹೇಳಬೇಕು. ಕಣಿವೆಯಲ್ಲಿ ಚಕ್ರವನ್ನು ಪಡೆದವನು ಅದನ್ನು ಮತ್ತೆ ಘಟ್ಟ ಹತ್ತಿಸಿದರೆ ಮಾತ್ರ ಅದಕ್ಕೆ ಪೂರ್ಣ ಬೆಲೆ. ಅಲ್ಲಿಯವರೆಗೆ ಅದು ಪೆಟ್ಟಿಗೆಯಲ್ಲಿ ಸುಮ್ಮನೆ ಕುಳಿತ ಹಣ. ಎಣಿಕೆಯ ಶ್ರಮ, ಸವೆದ ನಾಣ್ಯದ ಅಪಾಯ, ಸಾಗಾಟದ ಖರ್ಚು ಎಲ್ಲಕ್ಕೂ ವಟ್ಟದಲ್ಲಿ ಪಾಲಿದೆ. ವಟ್ಟವೆಲ್ಲ ಮೋಸವಲ್ಲ. ಆದರೆ ಆ ಸೇವೆಯ ಬೆಲೆಯನ್ನು ಯಾರು ಎಷ್ಟು ತೆತ್ತರು ಎಂಬುದು ಸೇವೆಯ ಪ್ರಮಾಣಕ್ಕೆ ತಕ್ಕಂತೆ ಇರಲಿಲ್ಲ.

ಪದಗಳಲ್ಲಿ ಉಳಿದ ಲೆಕ್ಕ

ಈ ವ್ಯವಹಾರದ ಶಬ್ದಗಳು ಮೂರು ಭಾಷೆಗಳ ಗಡಿಯನ್ನು ಸುಲಭವಾಗಿ ದಾಟಿದವು. ಕನ್ನಡದ 'ವಟ್ಟ' ಮತ್ತು ತಮಿಳಿನ 'ವಟ್ಟಂ' ಎರಡೂ ನಾಣ್ಯ ಬದಲಿಸುವಾಗಿನ ಕಡಿತವನ್ನು ಸೂಚಿಸುತ್ತವೆ. ಟಂಕಸಾಲೆಗೆ ಕನ್ನಡದಲ್ಲಿ 'ಕಮ್ಮಟ', ಮಲಯಾಳದಲ್ಲಿ 'ಕಮ್ಮಟ್ಟಂ', ತಮಿಳಿನಲ್ಲಿ 'ಕಂಬಟ್ಟಂ'. ನಮ್ಮ 'ಚಿಲ್ಲರೆ' ತಮಿಳಿನಲ್ಲಿ 'ಚಿಲ್ಲರೈ'. ಡಚ್ಚರ ತಾಮ್ರದ ನಾಣ್ಯದ ಹೆಸರಿನಿಂದ ಬಂದುದೆಂದು ಸಾಮಾನ್ಯವಾಗಿ ಹೇಳಲಾಗುವ 'ದುಡ್ಡು' ದಕ್ಷಿಣದ ತಮಿಳಿನಲ್ಲಿ 'ತುಟ್ಟು' ಆಗಿದೆ. 'ಕಾಸು' ಮೂರು ಕಡೆಯೂ ಕಾಸೇ.

'ಹಣ' ಎಂಬ ಪದ ಇನ್ನೂ ಹೆಚ್ಚಿನದನ್ನು ಹೇಳುತ್ತದೆ. ಪಕಾರವು ಹಕಾರವಾದ ಕನ್ನಡದ ಬದಲಾವಣೆಯಿಂದ 'ಪಣ' ನಮ್ಮಲ್ಲಿ 'ಹಣ'ವಾಯಿತು. ತಮಿಳು ಮಲಯಾಳಗಳಲ್ಲಿ ಪಕಾರ ಉಳಿಯಿತು. ಮೂರು ಭಾಷೆಗಳಲ್ಲೂ ಒಂದು ನಿರ್ದಿಷ್ಟ ನಾಣ್ಯದ ಹೆಸರು ಕ್ರಮೇಣ ಸಂಪತ್ತಿನ ಸಾಮಾನ್ಯ ಹೆಸರಾಯಿತು. ಆದರೆ ತಿರುವಾಂಕೂರಿನ ಗಡಿಯಲ್ಲಿ 1949ರವರೆಗೂ 'ಪಣ' ಎಂದರೆ ನಾಲ್ಕು ಚಕ್ರ ಎಂಬ ನಿರ್ದಿಷ್ಟ ಅರ್ಥವೂ ಉಳಿದಿತ್ತು. ಬಯಲುಸೀಮೆಯ ಕನ್ನಡಿಗನಿಗೆ ಹಣವು ಬರಿಯ ಭಾವವಾಚಕದಂತಾಗಿದ್ದಾಗ ಘಟ್ಟ ಹತ್ತುವ ಕನ್ನಡಿಗನಿಗೆ ಅದು ಎಣಿಸಬಹುದಾದ ಬಿಲ್ಲೆ. ನಾಣ್ಯವನ್ನು ಪರೀಕ್ಷಿಸಿ ಬದಲಿಸುವವನಿಗೆ ನಮ್ಮಲ್ಲಿದ್ದ ಹಳೆಯ ಹೆಸರು 'ಚಿನಿವಾರ'. ಆ ವೃತ್ತಿ ಮರೆಯಾದರೂ ಕನ್ನಡ ಪತ್ರಿಕೆಗಳು ಬೆಳ್ಳಿ ಬಂಗಾರದ ಧಾರಣೆಯನ್ನು 'ಚಿನಿವಾರ ಪೇಟೆ' ಎಂಬ ತಲೆಬರಹದಡಿ ಅಚ್ಚು ಮಾಡುತ್ತ ಬಂದಿವೆ.

ಯಾವ ರೂಪಾಯಿ ಎಂಬ ಪ್ರಶ್ನೆ

1949ರ ಜುಲೈ 1ರಂದು ತಿರುವಾಂಕೂರು ಕೊಚ್ಚಿಗಳು ಒಂದಾದವು. ಅದೇ ವರ್ಷ ತಿರುವಾಂಕೂರಿನ ನಾಣ್ಯಪದ್ಧತಿ ಕೊನೆಗೊಂಡು ಭಾರತದ ರೂಪಾಯಿ ಎರಡೂ ಕಡೆಗೆ ಒಂದಾಯಿತು. ದೇವಿಕುಳಂ ಮತ್ತು ಪೀರುಮೇಡು ತಾಲ್ಲೂಕುಗಳು ಯಾವ ರಾಜ್ಯಕ್ಕೆ ಸೇರಬೇಕೆಂಬ ವಾದ ಮುಂದುವರಿದು, 1956ರಲ್ಲಿ ಅವು ಕೇರಳದಲ್ಲಿ ಉಳಿದವು. ಪೆರಿಯಾರ್ ನೀರಿನ ವಿವಾದ ಇಂದಿಗೂ ಸುದ್ದಿಯಲ್ಲಿದೆ. ಗಡಿಯ ಚರಿತ್ರೆಯೆಂದರೆ ನಮಗೆ ಈ ಎರಡೇ ನೆನಪಾಗುತ್ತವೆ. ನಾಣ್ಯದ ಗಡಿ ಯಾರ ನೆನಪಿನಲ್ಲೂ ಜಗಳವಾಗಿ ಉಳಿಯಲಿಲ್ಲ.

ಆದರೂ ಆ ಗಡಿಯ ಗಣಿತ ಹಳತಾಗಿಲ್ಲ. ಕೊಲ್ಲಿ ದೇಶಗಳಿಂದ ಮನೆಗೆ ಹಣ ಕಳುಹಿಸುವವರು ಅದನ್ನು ಬಲ್ಲರು. ಪ್ರತಿ ರವಾನೆಗೂ ನಿಗದಿಯಾದ ಶುಲ್ಕವಿದ್ದರೆ ತಿಂಗಳು ತಿಂಗಳು ಚಿಕ್ಕ ಮೊತ್ತ ಕಳುಹಿಸುವವರು ನೂರಕ್ಕೆ ಹೆಚ್ಚು ತೆರುತ್ತಾರೆ, ದೊಡ್ಡ ಮೊತ್ತ ಕಳುಹಿಸುವವರು ಕಡಿಮೆ ತೆರುತ್ತಾರೆ. ವಲಸಿಗರ ಹಣ ರವಾನೆಯ ವೆಚ್ಚವನ್ನು 2030ರೊಳಗೆ ನೂರಕ್ಕೆ 3ಕ್ಕಿಂತ ಕೆಳಗಿಳಿಸಬೇಕೆಂದು ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲಿ ಸೇರಿಸಬೇಕಾಗಿ ಬಂದುದು ಇದೇ ಕಾರಣಕ್ಕೆ. ಫಲಕದ ಮೇಲಿನ ದರವನ್ನು ನೋಡಿದರೆ ಸಾಲದು. ಕೊನೆಗೆ ಕೈಗೆ ಎಷ್ಟು ಬಂದಿತೆಂದು ಎಣಿಸಬೇಕು.

ಸಂಶೋಧಕರಿಗೆ ಇದರಿಂದ ಬರುವ ಕೆಲಸ ಎರಡು ಬಗೆಯದು. ಮೊದಲನೆಯದು, ಕಣಿವೆಯ ಮನೆತನಗಳ ಹಳೆಯ ಲೆಕ್ಕದ ಕಡತ, ಅಡಮಾನ ಪತ್ರ, ದೇವಸ್ಥಾನದ ಹುಂಡಿಯ ಎಣಿಕೆಗಳನ್ನು ಓದುವಾಗ 'ರೂಪಾಯಿ' ಎಂದು ಕಂಡಲ್ಲೆಲ್ಲ ಯಾವ ರೂಪಾಯಿ ಎಂದು ಕೇಳಬೇಕು. 448 ಕಾಸಿನದೋ 456ರದೋ ಎಂದು ತಿಳಿಯದೆ ಎರಡು ಊರುಗಳ ಕೂಲಿಯನ್ನಾಗಲಿ, ಬೆಲೆಯನ್ನಾಗಲಿ ಹೋಲಿಸುವಂತಿಲ್ಲ. ಎರಡನೆಯದು ಇನ್ನೂ ತುರ್ತಿನದು. 1949ರಲ್ಲಿ ಹತ್ತು ವರ್ಷದವರಾಗಿದ್ದು, ತಾಯಿಯ ಸೆರಗಿನ ಗಂಟಿನಲ್ಲಿದ್ದ ಚಕ್ರವನ್ನು ಕಂಡವರು ಇಂದು ಎಂಬತ್ತೈದು ದಾಟಿದ್ದಾರೆ. ಅವರ ಮನೆಯ ಕನ್ನಡದಲ್ಲಿ ಆ ನಾಣ್ಯಗಳಿಗೆ ಏನೆಂದು ಕರೆಯುತ್ತಿದ್ದರು, ಏಳು ಚಕ್ರಕ್ಕೆ ನಾಲ್ಕಾಣೆ ಎಂಬಂಥ ಬಾಯಿಲೆಕ್ಕಗಳು ಯಾವುವು, ಯಾವ ಅಂಗಡಿಯಲ್ಲಿ ಬದಲಾಯಿಸಬಾರದೆಂದು ಹಿರಿಯರು ಎಚ್ಚರಿಸುತ್ತಿದ್ದರು ಎಂಬುದನ್ನು ಅವರಿಂದ ಕೇಳಿ ದಾಖಲಿಸಲು ಉಳಿದಿರುವ ಕಾಲ ಬಹಳ ಇಲ್ಲ. ವಲಸೆಯ ಕಥೆಗಳನ್ನು ಸಂಗ್ರಹಿಸಲು ಹೋಗುವವರು ಆ ಪ್ರಶ್ನಾವಳಿಗೆ ಈ ಮೂರು ಪ್ರಶ್ನೆಗಳನ್ನೂ ಸೇರಿಸಿಕೊಳ್ಳಬೇಕು.